ಉಣ್ಣಿಸಿ ಫೋಟೊ ತೆಗೆಯುವವರು

ಕಳೆದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ನೋಡಲು ಬಂದಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ದುಡಿದ ಜಾಗಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದವರು. ಚಹಾ ಕುಡಿಯುತ್ತ ಅವರಲ್ಲೊಬ್ಬಳು ಕೇಳಿದಳು: “ಆಂಟಿ, ಸೇವಾ ಮಾಡ್ತಾ ಮಾಡ್ತಾ ಪ್ರಭುವಿನ ಪ್ರೀತಿ ಮಂದಿಗೆ ತಿಳಿಸೂದು ಹ್ಯಾಂಗ? ನಮಗ ಒಂದೆರಡು ಟಿಪ್ಸ್ ಹೇಳ್ರಿ.”

ಟಿಪ್ಸ್! ಉತ್ತರ ಹೇಳಲು ಬಾಯಿ ತೆರೆದೆ. ಸಿಟ್ಟು ಬಂತು, ಬಾಯಿ ಮುಚ್ಚಿ ಬಿಸ್ಕತ್ತಿನ ತಾಟನ್ನು ಅವರ ಕಡೆ ಸರಿಸಿದೆ. ಆ ಹುಡುಗಿಯರ ಮೇಲಿನ ಸಿಟ್ಟಲ್ಲ ಅದು. ಅವರು ಬಿಸ್ಕತ್ತು ತಿಂದು, ನನ್ನ ಜೊತೆ ಒಂದು ಸೆಲ್ಫಿ ತೆಗೆದುಕೊಂಡು ಹೋದರು. ಆಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಹೋದರೆ ತಡವರಿಸುತ್ತಾರೆ. ತಡವರಿಸಲಿ. ನನ್ನ ಮರಾಠಿ ಲೆಕ್ಕಪತ್ರಕ್ಕೆ ಸಾಕು, ಸಿಟ್ಟಿಗೆ ಸಾಲುವುದಿಲ್ಲ. ನಾನು ಸೊಲ್ಲಾಪುರದ ಹತ್ತಿರದ ವಳಸಂಗದಲ್ಲಿ ಕನ್ನಡ ಶಾಲೆಯಲ್ಲಿ ಓದಿದವಳು, ಬರೆದರೆ ಕನ್ನಡದಲ್ಲೇ ಬರೆಯುತ್ತೇನೆ.

ಸೊಲ್ಲಾಪುರದ ದೊಡ್ಡ ಆಸ್ಪತ್ರೆಯೊಂದರ ಹಿಂದಿನ ಓಣಿಯಲ್ಲಿ ನಮ್ಮ ಚರ್ಚಿನವರು ನಡೆಸುವ ವಸತಿಯಿದೆ. ಹಳ್ಳಿಗಳಿಂದ ರೋಗಿಗಳನ್ನು ಕರೆತಂದವರು ಅಲ್ಲಿ ಮಲಗಬಹುದು, ಸ್ನಾನ ಮಾಡಬಹುದು, ಉಣ್ಣಬಹುದು. ಆಸ್ಪತ್ರೆ ರೋಗಿಗೆ ಮಂಚ ಕೊಡುತ್ತದೆ. ಜೊತೆಗೆ ಬಂದ ಹೆಂಡತಿ, ತಾಯಿ ಎಲ್ಲಿ ಬೆನ್ನು ಚಾಚಬೇಕು ಎಂದು ಯಾರೂ ಕೇಳುವುದಿಲ್ಲ. ಅಂಥವರಿಗಾಗಿ ಆ ವಸತಿ. ಬಂದವರನ್ನು ಬರಮಾಡಿಕೊಳ್ಳುವುದು, ಅವರ ಜೊತೆ ವಾರ್ಡಿಗೆ ಹೋಗಿ ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು, ಇವರು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದು, ರಕ್ತ ಎಲ್ಲಿ ಸಿಗುತ್ತದೆ, ಎಕ್ಸ್‌ರೇ ಎಲ್ಲಿ ತೆಗೆಯುತ್ತಾರೆ ಎಂದು ಕೈಹಿಡಿದು ಕರೆದೊಯ್ಯುವುದು, ಇದೇ ನನ್ನ ಕೆಲಸವಾಗಿತ್ತು. ನನ್ನ ಹೆಸರು ಎಸ್ತೇರ್. ಹಳ್ಳಿಯವರ ಬಾಯಲ್ಲಿ ಅದು ‘ಇಸ್ತರಬಾಯಿ’ ಆಯಿತು, ಕೊನೆಗೆ ಬರೀ ‘ಬಾಯಿ’ ಎಂದು ಉಳಿಯಿತು.

ನನಗೆ ಕೆಲಸ ಕಲಿಸಿದವಳು ಸಾರಾಬಾಯಿ, ಆಗಿನ ಮೇಲ್ವಿಚಾರಕಿ. ಸಂತಳೆಂದು ತಿಳಿಯಬೇಡಿ. ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದಳು, ಆ ಹೊಗೆಸೊಪ್ಪಿನ ಪುಡಿ ಬಿಡು ಎಂದು ಪಾಸ್ಟರು ಎಷ್ಟು ಹೇಳಿದರೂ ಬಿಡಲಿಲ್ಲ. ಗೋಡೆಗೆ ಉಗುಳಿದವರನ್ನು ಅವರ ವಂಶದವರೆಲ್ಲ ಬಿಕ್ಕಳಿಸುವ ಹಾಗೆ ಬೈಯುತ್ತಿದ್ದಳು. ಬಾಗಿಲಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಗಂಟು ಇಡಲು ಮೂಲೆ, ಆಮೇಲೆ ಹೆಸರು, ಊರು. ಜಾತಿ, ಧರ್ಮ ಯಾವುದೆಂದು ಕೇಳಿದ್ದನ್ನು ನಾನು ನೋಡಲೇ ಇಲ್ಲ. ಊಟಕ್ಕೆ ಮುಂಚೆ ಎಲ್ಲರ ಮುಂದೆ ಪ್ರಾರ್ಥನೆ ಮಾಡೋಣವೇ ಎಂದು ಹೊಸದರಲ್ಲಿ ನಾನು ಉತ್ಸಾಹದಿಂದ ಕೇಳಿದ್ದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಪ್ರಾರ್ಥನಾ ನಾವು ಅಡಿಗಿ ಮನ್ಯಾಗ ಮಾಡೂಣು. ಹಸದವರ ಮುಂದ ತಾಟ ಇಟ್ಟು, ಕಣ್ಣ ಮುಚ್ಚು ಅನ್ನೂದು ನ್ಯಾಯ ಅಲ್ಲ.”

ಹಾಗೆಂದು ಅವಳು ತನ್ನ ನಂಬಿಕೆಯನ್ನು ಮುಚ್ಚಿಟ್ಟವಳೂ ಅಲ್ಲ. ಬೋರಾಮಣಿಯ ಮುದುಕನೊಬ್ಬ ಒಮ್ಮೆ ಜಗಲಿಯಲ್ಲಿ ಕುಳಿತು ಕೇಳಿದ: “ಇಷ್ಟೆಲ್ಲಾ ಮಾಡ್ತೀರಿ, ನಿಮಗ ಇದರಾಗ ಏನ ಸಿಗತದ?”

“ನಮ್ಮ ಸ್ವಾಮಿ ನಮಗ ಮಾಡ್ಯಾನಪಾ, ಅದಕ ನಾವು ನಿಮಗ ಮಾಡ್ತೀವಿ. ಪೂರಾ ಕೇಳಬೇಕಂದ್ರ ಉಂಡು ಬಾ, ಹೇಳ್ತೀನಿ.”

ಮುದುಕ ಉಂಡ, ಕಂಬಳಿ ಹೊದ್ದುಕೊಂಡು ಗೊರಕೆ ಹೊಡೆದ. ಸಾರಾಬಾಯಿ ನಕ್ಕು ಪಾತ್ರೆ ತೊಳೆಯಲು ಹೋದಳು. ಮರುದಿನ ಅವನನ್ನು ಹಿಡಿದು ಕೂರಿಸಲಿಲ್ಲ. ಕೇಳಿದವನಿಗೆ ಹೇಳುವುದು, ಕೇಳದವನಿಗೆ ಬಡಿಸುವುದು. ಅವಳ ಸುವಾರ್ತೆ ಇಷ್ಟೇ. ಹುಡುಗಿಯರೇ, ನಿಮ್ಮ ಟಿಪ್ಸ್ ಸಿಕ್ಕಿತು. ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಾನು ನಿಲ್ಲಿಸುವುದಿಲ್ಲ.

ಭಾಷೆಯ ಕೆಲಸ ಎಷ್ಟು ಮುಖ್ಯ ಎಂಬುದೂ ಮೊದಲ ವರ್ಷವೇ ತಿಳಿಯಿತು. ಅಕ್ಕಲಕೋಟೆಯ ಕಡೆಯ ಒಬ್ಬ ರೈತ ಜ್ವರ ಬಂದ ಹಸುಗೂಸನ್ನು ತಂದಿದ್ದ. ವಾರ್ಡಿನ ಬಾಗಿಲಲ್ಲಿ ಮರಾಠಿಯಲ್ಲಿ “ಆಯಿ ಎಲ್ಲಿ?” ಎಂದು ಕೇಳಿದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಗಾಬರಿಯಲ್ಲಿದ್ದ ಅವನಿಗೆ ಆಯಿ ಎಂದರೆ ತನ್ನ ಮನೆಯ ಆಯಿ, ಅಂದರೆ ಅಜ್ಜಿ. “ಆಯಿ ಹ್ವಾದ ವರ್ಷ ತೀರಕೊಂಡಾಳ್ರಿ” ಎಂದುಬಿಟ್ಟ. ತಾಯಿಯಿಲ್ಲದ ಕೂಸೆಂದು ಬಾಟಲಿ ಹಾಲು ಕುಡಿಸಲು ಹೊರಟರು. ಎದೆಹಾಲು ಸೋರುತ್ತಿದ್ದ ತಾಯಿ ಗೇಟಿನ ಹೊರಗೆ ಕಾವಲುಗಾರನ ಹತ್ತಿರ ಗೋಗರೆಯುತ್ತಿದ್ದಳು. ಒಬ್ಬರಿಗೊಂದೇ ಪಾಸು, ಗಂಡ ಒಳಗೆ ಹೋಗಿದ್ದಾನೆ, ನಡಿ ಎಂದು ಅವನು ಗದರುತ್ತಿದ್ದ. ಸಾರಾಬಾಯಿ ಅವಳ ರಟ್ಟೆ ಹಿಡಿದು ಒಳಗೆ ನುಗ್ಗಿದ ರಭಸ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಸಿಟ್ಟು ಕೂಡ ಸೇವೆಯ ಒಂದು ಹತ್ಯಾರ ಎಂದು ನಾನು ಕಲಿತದ್ದು ಆ ದಿನ.

ಸಾರಾಬಾಯಿ ನಿವೃತ್ತಳಾದಳು, ಕೆಲವು ವರ್ಷಗಳಲ್ಲಿ ತೀರಿಕೊಂಡಳು. ಹಿತ್ತಲಿನ ಕಲ್ಲಿನ ಒಲೆಗಳು ಹೋಗಿ ಗ್ಯಾಸು ಬಂತು. ಕೆಲವರು ಅಲ್ಲಿ ತಾವೇ ಅಡುಗೆ ಮಾಡಿಕೊಳ್ಳುವುದು ನಿಂತು, ನಮ್ಮ ಅಡುಗೆಮನೆಯಿಂದಲೇ ಎಲ್ಲರಿಗೂ ಬಡಿಸುವುದು ಶುರುವಾಯಿತು. ಕೊನೆಗೆ ಪ್ರಭಾಕರ ಸರ್ ಬಂದರು, ಪುಣೆಯಿಂದ, ಸಂಚಾಲಕರಾಗಿ.

ಅವರು ಮಾಡಿದ ಒಳ್ಳೆಯದನ್ನೂ ಹೇಳಬೇಕು. ಸೋರುವ ತಗಡಿನ ಮಾಡು ತೆಗೆಸಿ ಸ್ಲ್ಯಾಬ್ ಹಾಕಿಸಿದರು, ಹೆಂಗಸರಿಗೆ ಬೇರೆ ಬಚ್ಚಲು ಕಟ್ಟಿಸಿದರು, ನಮಗೆ ಮೆತ್ತಗೆ ಮಾತಾಡುತ್ತಿದ್ದರು. ಆದರೆ ತಿಂಗಳಿಗೊಮ್ಮೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಎಷ್ಟು ಮಂದಿ ಪ್ರಭುವಿನ ಹತ್ತಿರ ಬಂದರು?” ಎಷ್ಟು ಮಂದಿ ಉಂಡರು ಎಂದಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ ಬಂತು. ಅನ್ನದ ವಾಸನೆ ಬರುತ್ತಿರುವಾಗ, ಎರಡು ದಿನ ಚಹಾದ ಮೇಲೆ ಬದುಕಿದ ಹೆಂಗಸರು ಅರ್ಥವಾಗದ ಮರಾಠಿ ಪ್ರಾರ್ಥನೆ ಮುಗಿಯುವವರೆಗೆ ಕೈ ಜೋಡಿಸಿ ಕೂರಬೇಕು. ಆಮೇಲೆ ಫೋಟೊ. ಕಂಬಳಿ ಕೊಟ್ಟರೆ ಫೋಟೊ, ತಾಟು ಕೊಟ್ಟರೆ ಫೋಟೊ. ಕಂಬಳಿಯ ಒಂದು ತುದಿ ಸರ್ ಕೈಯಲ್ಲಿ, ಇನ್ನೊಂದು ತುದಿ ಬಡವನ ಕೈಯಲ್ಲಿ, ಇಬ್ಬರೂ ಫೋನಿನ ಕಡೆ ನೋಡಬೇಕು. ನಾನು ಬೇಡವೆಂದಾಗ, “ದಾನ ಕೊಡುವವರಿಗೆ ತೋರಿಸಬೇಕಲ್ಲ ಎಸ್ತೇರ್‌ಬಾಯಿ, ಇಲ್ಲವಾದರೆ ಈ ಮನೆ ನಡೆಯುವುದು ಹೇಗೆ?” ಎನ್ನುತ್ತಿದ್ದರು.

ಹೀಗಿರುವಾಗ ಕರಜಗಿಯಿಂದ ಲಗಮವ್ವ ಬಂದಳು.

ಅವಳ ಗಂಡ ಮಾಳಪ್ಪ ಆಡಿಗೆ ಮೇವಿನ ಸೊಪ್ಪು ಕಡಿಯಲು ಬೇವಿನ ಮರ ಹತ್ತಿ ಬಿದ್ದಿದ್ದ. ತೊಡೆಯ ಎಲುಬು ಮುರಿದಿತ್ತು, ಒಳಗೆ ರಾಡು ಹಾಕಬೇಕೆಂದಿದ್ದರು. ಕುರಿ ಕಾಯುವ ಮನೆತನ, ಕುಲದೇವರು ಬೀರೋಬಾನ ಒಕ್ಕಲು. ಲಗಮವ್ವ ಮೊದಲ ದಿನ ಒಳಗೆ ಬರಲೇ ಇಲ್ಲ. ಅಂಗಳದಲ್ಲಿ ಕಂಬಳಿ ಹಾಸಿ ಕುಳಿತು, ಮನೆಯಿಂದ ಕಟ್ಟಿಕೊಂಡು ಬಂದ ಕಟಿರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿಂದಳು. ನಾನು ಒತ್ತಾಯ ಮಾಡಲಿಲ್ಲ. ಮಾರನೆಯ ದಿನ ರೊಟ್ಟಿ ಮುಗಿಯಿತು, ಅವಳೇ ಒಳಗೆ ಬಂದಳು.

ಊಟದ ಕೋಣೆಯ ಗೋಡೆಯಲ್ಲಿ ಯೇಸುಸ್ವಾಮಿ ಕುರಿಮರಿ ಎತ್ತಿಕೊಂಡ ಚಿತ್ರವಿತ್ತು. ಅದರ ಮುಂದೆ ಅವಳು ತಟ್ಟನೆ ನಿಂತಳು.

“ಇಂವ ಯಾರ್ರಿ ಬಾಯಿ? ಕುರಿ ಕಾಯಾಂವ ಅದಾನೇನು?”

“ನಮ್ಮ ಸ್ವಾಮಿ. ಯೇಸು.”

“ಚಿತ್ರ ಬರದಾಂವ ಕುರಿ ನೋಡಿಲ್ಲ ಬಿಡ್ರಿ. ಮರೀನ ಹಿಂಗ ಹಿಡದ್ರ ಅದರ ಹೊಟ್ಟಿ ಅಮಕತದ. ಒದರತದ ಅದು.”

ನನಗೆ ನಗು ಬಂತು. ಅವಳೇ ಕೆದಕಿ ಕೇಳಿದ್ದರಿಂದ ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದೆ. ನೂರರಲ್ಲಿ ಒಂದು ಕಾಣೆಯಾಯಿತು, ಅವನು ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದಕ್ಕಾಗಿ ಹೋದ, ಸಿಕ್ಕಾಗ ಹೆಗಲ ಮೇಲೆ ಹೊತ್ತು ತಂದ; ದೇವರು ಹಾಗೆಂದು ನಾವು ನಂಬುತ್ತೇವೆ ಎಂದೆ. ಅವಳು ಬಹಳ ಗಮನವಿಟ್ಟು ಕೇಳಿದಳು.

“ನಮ್ಮ ಮನಿಯಾಂವನೂ ಹಾಂಗ ಮಾಡ್ಯಾನ ಒಮ್ಮಿ. ಖರೇ ಉಳದ ತೊಂಬತ್ತೊಂಬತ್ತು ಯಾರ ಕೈಯಾಗ ಕೊಟ್ಟು ಹ್ವಾದ?”

ನಾನು ಹುಟ್ಟಿದಾಗಿನಿಂದ ಆ ಕಥೆ ಕೇಳಿದವಳು. ಈ ಪ್ರಶ್ನೆ ಯಾವ ಪಾಸ್ಟರ ಬಾಯಿಂದಲೂ ಬಂದಿರಲಿಲ್ಲ. ಗೊತ್ತಿಲ್ಲ ಎಂದೆ.

“ನಾಯಿ ಇದ್ದಿರಬೇಕು” ಎಂದು ಅವಳೇ ದಾರಿ ತೋರಿಸಿ, ಉಣ್ಣಲು ಕುಳಿತಳು.

ಆಪರೇಶನ್ನಿನ ದಿನ ಬೆಳಿಗ್ಗೆ ಮಾಳಪ್ಪನನ್ನು ಒಳಗೆ ಒಯ್ದರು. ಲಗಮವ್ವ ವಸತಿಗೆ ಬಂದು ಅದೇ ಚಿತ್ರದ ಕೆಳಗೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದಳು.

“ಬಾಯಿ, ಬೀರೋಬಾಗ ನಾ ಹೇಳಕೊಂಡೀನಿ. ನಿನ್ನ ದೇವ್ರಿಗೆ ನೀ ಒಂದ ಮಾತ ಹೇಳು. ನನಗ ಅಂವನ ಪರಿಚಯ ಇಲ್ಲ.”

ಅವಳ ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಪ್ರಾರ್ಥನೆ ಮಾಡಿದೆ. ಅವಳು ಕೈ ಮುಗಿದು ಕಣ್ಣು ಮುಚ್ಚಿದ್ದಳು. ಕಣ್ಣಲ್ಲಿ ನೀರು ಬಂದಿತ್ತು. ನನ್ನ ಇಡೀ ಕೆಲಸದಲ್ಲಿ ಅಂಥ ಗಳಿಗೆಗಳು ಹೆಚ್ಚು ಬಂದಿಲ್ಲ. ನಾವು ಕಣ್ಣು ಮುಚ್ಚಿದ್ದಾಗ ಪ್ರಭಾಕರ ಸರ್ ಬಾಗಿಲಲ್ಲಿ ನಿಂತು ಅವಳ ಫೋಟೊ ತೆಗೆದದ್ದು ನಮಗಿಬ್ಬರಿಗೂ ತಿಳಿಯಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಮಾಳಪ್ಪ ಮಂಚದ ಮೇಲೆ ಕುಳಿತು ಅನ್ನ ತಿನ್ನುವಷ್ಟರಲ್ಲಿ ಆ ಫೋಟೊ ವಾಟ್ಸ್ಯಾಪಿನಲ್ಲಿ ಹೊರಟಿತ್ತು. ಕೆಳಗೆ ಮರಾಠಿಯಲ್ಲಿ ಬರೆದಿತ್ತು: ಕರಜಗಿಯ ಕುರಿಗಾಹಿ ಹೆಂಗಸು ತನ್ನ ಹಳೆಯ ದೇವರನ್ನು ಬಿಟ್ಟು ಕತ್ತಲೆಯಿಂದ ಬೆಳಕಿಗೆ ಬಂದಳು, ಪ್ರಭುವಿಗೆ ಸ್ತೋತ್ರ. ದಾನಿಗಳಿಗೆಂದು ಕಳಿಸಿದ್ದು. ಫೋನಿನಿಂದ ಫೋನಿಗೆ ಹಾರಿ ಅದು ಕರಜಗಿಯನ್ನೂ ಮುಟ್ಟಿತು.

ಮಾಳಪ್ಪನ ತಮ್ಮ ಸಿದ್ದಪ್ಪ ಕೆಲವರನ್ನು ಕಟ್ಟಿಕೊಂಡು ಬಂದ. ಅಂಗಳದ ನೀರಿನ ಗಡಿಗೆಗಳನ್ನು ಒದ್ದು ಒಡೆದ. ಗೋಡೆಯ ಚಿತ್ರವನ್ನು ಕಿತ್ತು ನೆಲಕ್ಕೆ ಬಡಿದ. ಉಣ್ಣುತ್ತಿದ್ದ ಜನ ತಾಟು ಬಿಟ್ಟು ಎದ್ದರು.

“ನಮ್ಮ ವೈನೀನ ಏನ ಕೊಟ್ಟು ಕೆಡಿಸಿದ್ರಿ? ಅನ್ನ ಹಾಕಿ ಧರ್ಮ ಕಸಗೊಳ್ಳೂ ಮಂದಿ ನೀವು!”

“ಕಸಗೊಂಡಿಲ್ಲಪಾ, ಅಕೀನ್ನ ಕೇಳು” ಎಂದು ನಾನು ಕೂಗಿದೆ. ಯಾರು ಕೇಳುತ್ತಾರೆ? ವಾರ್ಡಿನಿಂದ ಓಡಿ ಬಂದ ಅತ್ತಿಗೆ ಲಗಮವ್ವನ ಮುಖಕ್ಕೆ ಸಿದ್ದಪ್ಪ ಫೋನು ಹಿಡಿದ.

“ನೋಡು. ಇನ್ನ ನಮ್ಮ ಮನಿ ಹೊಸ್ತಿಲಾ ತುಳೀಬ್ಯಾಡ.”

ಅವಳಿಗೆ ಓದಲು ಬರುವುದಿಲ್ಲ. ಕೆಳಗೆ ಏನು ಬರೆದಿದೆ ಎಂದು ಅವಳಿಗೆ ಓದಿ ಹೇಳಿದವನೂ ಸಿದ್ದಪ್ಪನೇ. ಅವಳು ಕೇಳಿದಳು, ಮತ್ತೆ ಫೋಟೊದಲ್ಲಿನ ತನ್ನ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

“ಬಾಯಿ, ನನ್ನ ಮಾರಿ ಮಾರಿದ್ರಿ?”

ನನಗೆ ಗೊತ್ತಿರಲಿಲ್ಲ ಎಂದೆ. ಗೊತ್ತಿರಲಿಲ್ಲ ಎಂಬ ಮಾತು ಅಂಥ ಹೊತ್ತಿನಲ್ಲಿ ಎಷ್ಟು ಕೆಲಸಕ್ಕೆ ಬಾರದ್ದು! ಅವಳು ಗಂಟು ಎತ್ತಿಕೊಂಡು ಹೊರಟಳು. ಗಂಡನ ಡಿಸ್ಚಾರ್ಜ್ ಆಗುವವರೆಗೆ ಆಸ್ಪತ್ರೆಯ ಗೇಟಿನ ಹತ್ತಿರ, ಆಟೋದವರು ನಿಲ್ಲುವ ಜಾಗದಲ್ಲಿ ಕಂಬಳಿ ಹಾಸಿಕೊಂಡು ಇದ್ದಳು. ನಾನು ಒಯ್ದ ಚಹಾ ಮುಟ್ಟಲಿಲ್ಲ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ಬರೀ ಮುಖ ತಿರುಗಿಸುತ್ತಿದ್ದಳು.

ಪ್ರಭಾಕರ ಸರ್ ಆಫೀಸಿನಲ್ಲಿ ಒಡೆದ ಚಿತ್ರವನ್ನು ಮೇಜಿನ ಮೇಲಿಟ್ಟು, ಅದರದೂ ಫೋಟೊ ತೆಗೆಯುತ್ತಿದ್ದರು.

“ಹೆದರಬೇಡಿ ಎಸ್ತೇರ್‌ಬಾಯಿ” ಎಂದರು ಮರಾಠಿಯಲ್ಲಿ. “ಒಳ್ಳೆಯ ಕೆಲಸಕ್ಕೆ ಹಿಂಸೆ ಬಂದೇ ಬರುತ್ತದೆ. ಇದು ನಮ್ಮ ಶಿಲುಬೆ.”

ಹದಿನಾರಾಣೆ ನಂಬಿಕೆಯಿಂದಲೇ ಹೇಳಿದರು. ಅದೇ ನನಗೆ ತಡೆಯಲಾಗಲಿಲ್ಲ.

“ನಮ್ಮ ಶಿಲುಬೆ ಎಲ್ಲಿದೆ ಸರ್? ನೀವು ಫ್ಯಾನಿನ ಕೆಳಗಿದ್ದೀರಿ. ಶಿಲುಬೆ ಹೊತ್ತವಳು ಗೇಟಿನ ಹತ್ತಿರ ಬಿಸಿಲಲ್ಲಿ ಕೂತಿದ್ದಾಳೆ. ಅವಳ ಮೇಲೆ ಹೊರಿಸಿದವರು ನೀವು.”

“ಅವಳು ಕೈ ಮುಗಿದದ್ದು ಸುಳ್ಳೇ?”

“ಕೈ ಮುಗಿದದ್ದು ನಿಜ. ದೇವರನ್ನು ಬಿಟ್ಟಳು ಎಂದು ಬರೆದದ್ದು ಸುಳ್ಳು. ಪ್ರಭುವಿನ ಹೆಸರಲ್ಲಿ ಸುಳ್ಳು ಬರೆದಿದ್ದೀರಿ.”

ಅವರ ಮುಖ ಕೆಂಪಾಯಿತು. ನನ್ನ ದನಿ ಅಂಗಳದವರೆಗೆ ಹೋಗಿತ್ತೆಂದು ಆಮೇಲೆ ಅಡುಗೆಯವಳು ಹೇಳಿದಳು. ಹೋಗಲಿ.

ಅದೇ ವಾರ ಶೆಟ್ಟರು ಬಂದರು. ಸೊಲ್ಲಾಪುರದ ಪೇಟೆಯಲ್ಲಿ ಕಾಳಿನ ದೊಡ್ಡ ವ್ಯಾಪಾರಿ. ಸಾರಾಬಾಯಿಯ ಕಾಲದಿಂದ ನಮ್ಮ ಅಡುಗೆಮನೆಗೆ ಜೋಳ ಕಳಿಸುತ್ತಿದ್ದವರು. ತಮ್ಮ ಹೆಸರನ್ನು ಎಲ್ಲಿಯೂ ಹಾಕಿಸಿದವರಲ್ಲ. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

“ನನ್ನ ಜ್ವಾಳದಾಗ ನೀವು ಏನ ಬೆರಿಸಿದ್ರಿ ಬಾಯಾರ?”

“ಏನೂ ಬೆರಿಸಿಲ್ಲ ಶೆಟ್ರ. ಇಷ್ಟ ವರ್ಷ ನೀವು ಬಂದು ಹೋಗಿ ಮಾಡೀರಿ. ಇಲ್ಲಿ ಉಂಡವರನ್ನ ಒಬ್ಬರನ್ನಾರ ಕೇಳ್ರಿ.”

“ಪ್ಯಾಟ್ಯಾಗ ನನಗ ಕೇಳ್ತಾರ, ನಾ ಏನ ಹೇಳ್ಲಿ? ಇನ್ನ ಕಳಸಾಂಗಿಲ್ಲ.”

ಅವರ ಮೇಲೂ ನನಗೆ ಸಿಟ್ಟಿದೆ. ಫೋಟೊ ಒಂದು, ಅವರು ಕಣ್ಣಾರೆ ಕಂಡ ವರ್ಷಗಳು ಎಷ್ಟೋ. ಅವರು ಫೋಟೊವನ್ನೇ ನಂಬಿದರು. ಜೋಳ ನಿಂತದ್ದರಿಂದ ಪ್ರಭಾಕರ ಸರ್ ಉಪವಾಸ ಬೀಳಲಿಲ್ಲ, ಶೆಟ್ಟರೂ ಬೀಳಲಿಲ್ಲ. ರಾತ್ರಿಯ ಊಟ ಬರೀ ಅನ್ನ ಸಾರಿಗೆ ಇಳಿಯಿತು. ಇಳಿದದ್ದು ಲಗಮವ್ವನಂಥವರ ತಾಟಿನಲ್ಲಿ.

ಮಾಳಪ್ಪ ಡಿಸ್ಚಾರ್ಜ್ ಆಗಿ ಹೋದ ಮೇಲೆ ಕರಜಗಿಯಿಂದ ಬೇರೆ ರೋಗಿಯ ಜೊತೆ ಬಂದವರು ಸುದ್ದಿ ಹೇಳಿದರು. ಗಂಡ ಹೆಂಡತಿ ಇಬ್ಬರನ್ನೂ ಮನೆಯೊಳಗೆ ಬಿಟ್ಟಿಲ್ಲ, ಕುರಿಹಟ್ಟಿಯ ಪಕ್ಕದ ಚಪ್ಪರದಲ್ಲಿ ಇದ್ದಾರೆ, ಕಾಲು ಉಳಿದರೆ ಬೀರೋಬಾನಿಗೆ ಕೊಡುತ್ತೇನೆಂದು ಹೊತ್ತ ಹರಕೆಯನ್ನೂ ಲಗಮವ್ವನಿಂದ ಗುಡಿಯಲ್ಲಿ ತೆಗೆದುಕೊಳ್ಳುತ್ತಿಲ್ಲ. ಅದನ್ನು ಕೇಳಿ ರಜೆ ಹಾಕಿದೆ. ಪ್ರಭಾಕರ ಸರ್ ಯಾಕೆ ಎಂದರು. “ನೀವು ಒಡೆದದ್ದನ್ನು ನೋಡಿಕೊಂಡು ಬರುತ್ತೇನೆ” ಎಂದೆ. ಹೋಗಬೇಡಿ ಎಂದರು. ಹೋದೆ.

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕರಜಗಿಗೆ ಇಳಿದಾಗ ನನಗೆ ಹೆದರಿಕೆಯಿತ್ತು, ಸುಳ್ಳು ಹೇಳುವುದಿಲ್ಲ. ನೇರ ಬೀರೋಬಾನ ಗುಡಿಯ ಹತ್ತಿರ ಹೋದೆ. ಕಟ್ಟೆಯ ಮೇಲೆ ಪೂಜಾರಿ ಅಜ್ಜ ಮತ್ತು ನಾಲ್ಕಾರು ಹಿರಿಯರು ಕುಳಿತಿದ್ದರು. ಸುದ್ದಿ ನನಗಿಂತ ಬೇಗ ಓಡಿತ್ತೋ ಏನೋ, ಸಿದ್ದಪ್ಪ ಬಂದ. ಅವನ ಹಿಂದೆ ದೂರದಲ್ಲಿ ಲಗಮವ್ವ ಬಂದು ನಿಂತಳು.

ಬರುವ ದಾರಿಯಲ್ಲಿ ನಾನು ಮಾತು ಜೋಡಿಸಿಕೊಂಡಿದ್ದೆ. ಅವಳು ಕೈ ಮುಗಿದ ಸಂಗತಿಯನ್ನೇ ಎತ್ತಬಾರದು, ಫೋಟೊ ಸುಳ್ಳು ಎಂದಷ್ಟೇ ಹೇಳಬೇಕು, ಅವಳು ಮನೆ ಸೇರಿದರೆ ಸಾಕು ಎಂದುಕೊಂಡಿದ್ದೆ.

“ನಾ ಆ ವಸತಿಯಾಗ ಕೆಲಸ ಮಾಡಾಕಿ” ಎಂದು ಶುರು ಮಾಡಿದೆ. “ಲಗಮವ್ವ ತನ್ನ ದೇವ್ರನ್ನ ಬಿಟ್ಟಿಲ್ಲ. ಅಕೀಗಿ ಕೇಳದ ಫೋಟೊ ತಗದಾರ, ಸುಳ್ಳ ಬರದಾರ. ತಪ್ಪ ನಮ್ಮವರದು. ಅಕೀದಲ್ಲ. ಕ್ಷಮಾ ಕೇಳಾಕ ಬಂದೀನಿ.”

ಆಗ ಹಿಂದಿನಿಂದ ಲಗಮವ್ವ ಮುಂದೆ ಬಂದಳು. ನನ್ನ ಕಡೆ ನೋಡಲಿಲ್ಲ.

“ಬಾಯಿ ಅರ್ಧಾ ಹೇಳ್ಯಾಳ. ಪೂರಾ ನಾ ಹೇಳ್ತೀನಿ” ಎಂದಳು. “ಫೋಟೊ ಸುಳ್ಳಲ್ಲ. ನಾ ಕೈ ಮುಗದೀನಿ. ನಿನ್ನ ದೇವ್ರಿಗಿ ಹೇಳು ಅಂತ ನಾನ ಅಕೀನ್ನ ಕೇಳೀನಿ. ಒಳಗ ನನ್ನ ಗಂಡನ ಕಾಲ ಕೊಯ್ಯಾಕತ್ತಿದ್ರು. ಆವತ್ತ ಯಾವ ದೇವ್ರು ಸಿಕ್ಕಿದ್ರೂ ನಾ ಕೇಳತಿದ್ದೆ. ಸಿದ್ದಪ್ಪಾ, ನೀ ಎಲ್ಲಿದ್ದಿ ಆವತ್ತ? ನೀ ಬಂದಿ ಏನು? ಫೋಟೊ ನೋಡಿ ಬಂದಿ. ಅಣ್ಣನ್ನ ನೋಡಾಕ ಬರಲಿಲ್ಲ.”

ಸಿದ್ದಪ್ಪ ಏನೋ ಹೇಳಲು ಹೋದ. ಪೂಜಾರಿ ಅಜ್ಜ ಕೈ ಎತ್ತಿ ಸುಮ್ಮನಿರಿಸಿದ. ಅವಳನ್ನು ಉಳಿಸಲು ನಾನು ಮುಚ್ಚಿಟ್ಟದ್ದನ್ನು ಅವಳು ತಾನಾಗಿ ಎಲ್ಲರ ಮುಂದೆ ಹರವಿದ್ದಳು. ಇನ್ನು ಏನಾಗುತ್ತದೋ ಎಂದು ಅಜ್ಜನ ಕಡೆ ನೋಡಿದೆ.

“ಬೀರೋಬಾನ್ನ ಬಿಟ್ಟಿ ಏನು?” ಅಜ್ಜ ಕೇಳಿದ.

“ಬಿಡಾಕ ಅಂವೇನ ನನ್ನ ಮೈದುನ ಅಲ್ಲ” ಎಂದಳು ಲಗಮವ್ವ.

ಕಟ್ಟೆಯ ಮೇಲಿದ್ದ ಒಬ್ಬರು ನಕ್ಕರು. ಅಜ್ಜ ಎದ್ದ. ಗುಡಿಯೊಳಗೆ ಹೋಗಿ ಭಂಡಾರ ತಂದ; ಬೀರೋಬಾನ ಪ್ರಸಾದದ ಅರಿಶಿನ ಪುಡಿ. ಲಗಮವ್ವನ ಹಣೆಗೆ ಅಗಲವಾಗಿ ಹಚ್ಚಿದ. “ನಾಳಿ ಗಂಡನ ಕರಕೊಂಡ ಬಂದು ಹರಕಿ ಮುಟ್ಟಸು” ಎಂದ. ಸಿದ್ದಪ್ಪ ದಡದಡ ನಡೆದು ಹೋದ.

ಆಮೇಲೆ ಅದೇ ಬೆರಳುಗಳಲ್ಲಿ ಅರಿಶಿನ ಹಿಡಿದು ಅಜ್ಜ ನನ್ನ ಮುಂದೆ ಬಂದ. ಅವನ ಕೈ ನನ್ನ ಹಣೆಯ ಹತ್ತಿರ ಬಂತು. ನಾನು ಅವನ ಊರಲ್ಲಿ, ಅವನ ಗುಡಿಯಲ್ಲಿ, ಕ್ಷಮೆ ಕೇಳಲು ನಿಂತವಳು. ಆದರೂ ಆಗಲಿಲ್ಲ.

“ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಾ ಹಚ್ಚಿಕೊಳ್ಳಾಂಗಿಲ್ಲ.”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

“ಜುಲಮಿ ಇಲ್ಲವಾ, ಒಲ್ಲೆಂದ್ರ ಬ್ಯಾಡ. ಕೊಡೂದು ನನ್ನ ಕೆಲಸ, ಕೊಟ್ಟೆ. ಕುಂದ್ರು, ಬಿಸಲಾಗ ಬಂದಿ, ನೀರ ಕುಡಿ.”

ಆ ನೀರು ಕುಡಿಯುತ್ತ ನನಗೆ ಪ್ರಭಾಕರ ಸರ್ ಮೇಲೆ ಬಂದ ಸಿಟ್ಟು ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ. ಕೈ ಚಾಚುವುದು, ಬೇಡ ಎಂದವರಿಗೂ ನೀರು ಕೊಡುವುದು, ಇದನ್ನೇ ಅಲ್ಲವೇ ನಾವು ಜಗತ್ತಿಗೆ ತೋರಿಸಲು ಹೊರಟದ್ದು? ನಮ್ಮ ಸ್ವಾಮಿಯ ಹೆಸರು ಹೇಳದ ಒಬ್ಬ ಮುದುಕ ಅದನ್ನು ನನಗೆ ಮಾಡಿ ತೋರಿಸಿದ.

ಲಗಮವ್ವ ಬಸ್ಸಿನವರೆಗೆ ಬರಲಿಲ್ಲ. ಮಾತೂ ಆಡಲಿಲ್ಲ. ಅವಳಿಗೆ ನನ್ನನ್ನು ಕ್ಷಮಿಸಬೇಕಾದ ಹಂಗೇನೂ ಇರಲಿಲ್ಲ.

ತಿರುಗಿ ಬಂದಾಗ ಚರ್ಚಿನ ಕಮಿಟಿ ನನ್ನನ್ನು ಕರೆಯಿತು. ಯಾರನ್ನು ಕೇಳಿ ಸಂಸ್ಥೆಯ ಪರವಾಗಿ ಕ್ಷಮೆ ಕೇಳಿದಿರಿ, ಅದೂ ಗುಡಿಯ ಮುಂದೆ, ಎಂದರು. ಅವರಲ್ಲೊಬ್ಬರು, ನನ್ನ ಜೊತೆ ಭಾನುವಾರದ ಶಾಲೆಯಲ್ಲಿ ಕಲಿತವರೇ, ಮೆಲ್ಲಗೆ ಕೇಳಿದರು: “ಇಷ್ಟು ವರ್ಷಗಳಲ್ಲಿ ನೀವು ಒಬ್ಬರನ್ನಾದರೂ ಪ್ರಭುವಿನ ಹತ್ತಿರ ತಂದಿದ್ದೀರಾ?”

“ಗೊತ್ತಿಲ್ಲ” ಎಂದೆ. “ನಾನು ಬಾಗಿಲು ತೆರೆದು ನೀರು ಕೊಡುತ್ತಿದ್ದೆ. ಆಮೇಲೆ ಅವರು ಯಾರ ಹತ್ತಿರ ಹೋದರೆಂದು ಹಿಂದಿನಿಂದ ಹೋಗಿ ನೋಡಲಿಲ್ಲ. ಆದರೆ ಈ ಒಂದು ಫೋಟೊದಿಂದ ಎಷ್ಟು ಮಂದಿ ಆ ಬಾಗಿಲಿಗೆ ಬರುವುದನ್ನು ಬಿಟ್ಟರೆಂದು ಗೊತ್ತು. ಅದನ್ನು ಯಾಕೆ ಕೇಳುತ್ತಿಲ್ಲ?”

ಕೇಳಲಿಲ್ಲ. ಇನ್ನು ಮುಂದೆ ಅನುಮತಿಯಿಲ್ಲದೆ ಯಾರ ಫೋಟೊವನ್ನೂ ತೆಗೆಯಬಾರದೆಂದು ಮಾತ್ರ ಠರಾವು ಮಾಡಿದರು. ಅಷ್ಟರ ಮಟ್ಟಿಗೆ ಗೆದ್ದೆ. ಪ್ರಭಾಕರ ಸರ್ ಪುಣೆಗೆ, ಇನ್ನೂ ದೊಡ್ಡ ಜಾಗಕ್ಕೆ ಹೋದರು, ಹಾರ ಹಾಕಿಸಿಕೊಂಡು. ನನ್ನನ್ನು ಬಾಗಿಲಿನ ಕೆಲಸದಿಂದ ತೆಗೆದು ಅಡುಗೆಮನೆಗೆ ಹಾಕಿದರು. ಮಾತು ಖಾರ, ಬಂದವರ ಮುಂದೆ ಬೇಡ ಎಂದರು. ನಿವೃತ್ತಿಯವರೆಗೆ ಅಲ್ಲೇ ಇದ್ದೆ. ಊಟದ ಮುಂಚಿನ ಪ್ರಾರ್ಥನೆ ನಿಲ್ಲಲಿಲ್ಲ. ಆದರೆ ಅದು ಮುಗಿಯುವ ಮುಂಚೆಯೇ ನಾನು ಅಡುಗೆಮನೆಯ ಹಿಂಬಾಗಿಲಿನಿಂದ ಮಕ್ಕಳಿಗೆ, ಮುದುಕರಿಗೆ ಬಡಿಸಿಬಿಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನನ್ನ ಕೊನೆಯ ವರ್ಷದ ಬೇಸಿಗೆಯಲ್ಲಿ ಆ ಹಿಂಬಾಗಿಲಿಗೆ ಒಬ್ಬ ಗಂಡಸು ಬಂದು ನಿಂತ. ಕೈಯಲ್ಲಿ ಸ್ಟೀಲ್ ಡಬ್ಬಿ. ತಲೆ ಎತ್ತದೆ ಹೇಳಿದ:

“ವೈನಿ ಕಳಿಸ್ಯಾಳ. ಬಾಣಂತಿಗಿ ಗಂಜಿ ಬೇಕಂತ್ರಿ.”

ಸಿದ್ದಪ್ಪ. ಅವನ ಹೆಂಡತಿಯ ಹೆರಿಗೆ ಊರಲ್ಲಿ ಕಷ್ಟವಾಗಿ ಇಲ್ಲಿಗೆ ತಂದಿದ್ದರು. ಆಸ್ಪತ್ರೆಯಲ್ಲಿ ಅವಳ ಜೊತೆಗೆ ನಿಂತವಳು ಲಗಮವ್ವ. ಎಲ್ಲಿಯೂ ಹೋಗಬೇಡ, ಹಿಂಬಾಗಿಲಿಗೆ ಹೋಗಿ ಬಾಯಿಯನ್ನು ಕೇಳು ಎಂದು, ಇಲ್ಲಿ ಉಂಡುಹೋದ ಊರವರಿಂದ ಸುದ್ದಿ ತಿಳಿದಿದ್ದ ಅವಳೇ ಹೇಳಿ ಕಳಿಸಿದ್ದಳಂತೆ. ನನಗೆ ಅವನ ಮುಖ ನೋಡುತ್ತಲೇ ಒಡೆದ ಗಡಿಗೆಗಳು, ತಾಟು ಬಿಟ್ಟು ಎದ್ದ ಜನ, ಬಿಸಿಲಲ್ಲಿ ಕುಳಿತ ಲಗಮವ್ವ, ಎಲ್ಲ ಒಟ್ಟಿಗೆ ಬಂತು. ಡಬ್ಬಿ ಕಿತ್ತು ಎಸೆಯಬೇಕೆನ್ನುವಷ್ಟು ಸಿಟ್ಟು. ಕ್ರಿಸ್ತನ ಪ್ರೀತಿ ಎಂದರೆ ಎದೆಯಲ್ಲಿ ಜೇನು ತುಂಬಿಕೊಂಡಿರುವುದು ಎಂದು ನಿಮಗೆ ಟ್ರೇನಿಂಗಿನಲ್ಲಿ ಹೇಳಿರಬಹುದು. ಆ ದಿನ ನನ್ನ ಎದೆಯಲ್ಲಿ ಅಂಥದ್ದೇನೂ ಇರಲಿಲ್ಲ. ಡಬ್ಬಿ ಇಸಿದುಕೊಂಡೆ. ಬಿಸಿ ಗಂಜಿ ತುಂಬಿಸಿ, ಮೇಲೆ ತುಪ್ಪ ಹಾಕಿ, ಮುಚ್ಚಳ ಬಿಗಿ ಮಾಡಿ, ಸುಡಬಾರದೆಂದು ಅರಿವೆ ಸುತ್ತಿ ಅವನ ಕೈಗೆ ಕೊಟ್ಟೆ.

ಅವನು ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಇದ್ದ.

“ಬಾಯಾರ, ನಿಮಗ ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?”

“ಅದ. ಬಾಳ ಅದ” ಎಂದೆ. “ಗಂಜಿ ಆರತದ. ಲಗು ಒಯ್ಯಿ.”